ಮೂರು ವರ್ಷದ ಕೂಸಿಗೆ ಕೋಚ್ ಬೇಡ, ಬಯಲು ಬೇಕು

ಮೂರು ವರ್ಷ ತುಂಬುವುದರೊಳಗೆ ಮಗುವನ್ನು ಯಾವುದಾದರೊಂದು ಆಟದ ಕ್ಲಾಸಿಗೆ ಹಚ್ಚಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಬೆಂಗಳೂರು, ಹುಬ್ಬಳ್ಳಿಗಳನ್ನು ದಾಟಿ ಅದು ಕೊಪ್ಪಳ, ಗಂಗಾವತಿಗೆ ಬಂದಿದೆ. ಕುಷ್ಟಗಿ, ಯಲಬುರ್ಗಾದ ನೌಕರದಾರರ ಮನೆಗಳಲ್ಲೂ ಈಗ ಅದೇ ಮಾತು. ಸ್ಕೇಟಿಂಗ್, ಕರಾಟೆ, ಕ್ರಿಕೆಟ್, ಜಿಮ್ನಾಸ್ಟಿಕ್ಸ್, ಯಾವುದಾದರೂ ಸರಿ, ಬೇಗ ಶುರುವಾಗಬೇಕು. "ಈಗಿಂದ್ಲೇ ಹಚ್ಚಿದ್ರ ಮುಂದ ಹೆಸರು ಮಾಡ್ತಾನ್ರಿ, ತಡ ಮಾಡಿದ್ರ ಮೈ ಬಗ್ಗಂಗಿಲ್ಲ" ಎನ್ನುವವರು ತಂದೆ-ತಾಯಿ ಮಾತ್ರವಲ್ಲ, ನೆಂಟರು, ನೆರೆಯವರು, ಶಾಲೆಯವರು ಎಲ್ಲರೂ. ಕ್ಲಾಸಿಗೆ ಹಚ್ಚದವರಿಗೆ ಮಕ್ಕಳ ಕಾಳಜಿಯೇ ಇಲ್ಲ ಎಂಬ ತೀರ್ಪು ಕೂಡ ಜೊತೆಗೇ ಬಂದಿದೆ.

ಈ ನಂಬಿಕೆ ತಪ್ಪು ಎಂದು ನೇರವಾಗಿ ಹೇಳುತ್ತೇನೆ. ಆರು ವರ್ಷದೊಳಗಿನ ಮಗುವಿಗೆ ಕೋಚ್ ಬೇಕಿಲ್ಲ, ಬೆಲ್ಟ್ ಬೇಕಿಲ್ಲ, ಸ್ಪರ್ಧೆ ಬೇಕಿಲ್ಲ, ಪ್ರಮಾಣಪತ್ರವಂತೂ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ಓಡಲು ನೆಲ, ಸಾಕಷ್ಟು ಹೊತ್ತು, ಜೊತೆಗೆ ನಾಲ್ಕು ಹುಡುಗರು, ಕಣ್ಣಿಟ್ಟು ನೋಡಿಕೊಳ್ಳುವ ಒಬ್ಬ ದೊಡ್ಡವರು. ಇವಿಷ್ಟನ್ನು ಕೊಡಲಾಗದ ನಮ್ಮ ಊರುಗಳು ಅದರ ಬದಲಿಗೆ ಕ್ಲಾಸನ್ನು ಕೊಡುತ್ತಿವೆ. ಕ್ಲಾಸಿಗೆ ದುಡ್ಡಿದ್ದವರು ಸಮಾಧಾನಪಟ್ಟುಕೊಂಡು ಸುಮ್ಮನಾಗುತ್ತಾರೆ. ದುಡ್ಡಿಲ್ಲದವರು ತಮ್ಮ ಮಗು ಹಿಂದೆ ಬಿತ್ತೆಂದು ಕೊರಗುತ್ತಾರೆ. ಇಬ್ಬರಿಗೂ ಮೋಸವಾಗುತ್ತಿದೆ.

ನಾನು ಕ್ರೀಡೆಯ ವಿರೋಧಿಯಲ್ಲ. ನಸುಕಿನಲ್ಲೇ ಜಿಲ್ಲಾ ಕ್ರೀಡಾಂಗಣಕ್ಕೆ ಬಂದು ಹತ್ತು, ಹನ್ನೆರಡು ವರ್ಷದ ಹುಡುಗ-ಹುಡುಗಿಯರನ್ನು ಓಡಿಸುವ ತರಬೇತುದಾರರ ಶ್ರಮ ದೊಡ್ಡದು. ಖೋ-ಖೋ, ಕಬಡ್ಡಿ, ಕುಸ್ತಿಯನ್ನು ಉಳಿಸಿಕೊಂಡು ಬಂದ ದೈಹಿಕ ಶಿಕ್ಷಕರಿಗೆ ನಮ್ಮ ಕೊಪ್ಪಳ ಜಿಲ್ಲೆ ಋಣಿಯಾಗಿರಬೇಕು. ನನ್ನ ತಕರಾರು ವಯಸ್ಸಿನದು. ಹತ್ತರ ಹುಡುಗನಿಗೆ ಹಿತವಾದದ್ದನ್ನೇ ಮೂರರ ಕೂಸಿನ ಮೇಲೆ ಹೇರುವುದು ನನ್ನ ತಕರಾರು.

ಬೇಗ ಹಚ್ಚಬೇಕೆನ್ನುವವರ ಮೊದಲ ಆಧಾರ ಒಂದು ಗಾದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆ ಗಾದೆ ನಡೆ-ನುಡಿಯ ಬಗ್ಗೆ ಹೇಳಿದ್ದು. ಅದನ್ನು ಎಲುಬು, ಸ್ನಾಯು, ನರಗಳಿಗೆ ಅನ್ವಯಿಸುವುದು ತಪ್ಪು. ಮೈಗೆ ಅದರದೇ ಕಾಲವಿದೆ. ಎರಡು-ಎರಡೂವರೆ ವರ್ಷಕ್ಕೆ ಮಗು ಎರಡೂ ಕಾಲೆತ್ತಿ ಜಿಗಿಯಲು ಕಲಿಯುತ್ತದೆ. ಮೂರು-ನಾಲ್ಕರ ನಡುವೆ ಒಂಟಿ ಕಾಲಿನ ಮೇಲೆ ಕೆಲವು ಕ್ಷಣ ನಿಲ್ಲಬಲ್ಲದು. ಚೆಂಡು ಬಂದರೆ ಕೈಯಿಂದ ಹಿಡಿಯುವುದಕ್ಕಿಂತ ಎದೆಗವಚಿಕೊಳ್ಳುತ್ತದೆ. ಹಾರಿ ಬರುವ ಚೆಂಡಿನ ವೇಗ, ದಿಕ್ಕು ಎರಡನ್ನೂ ಕಣ್ಣಿನಿಂದ ಅಳೆದು, ಅದು ಬರುವ ಜಾಗಕ್ಕೆ ಬ್ಯಾಟು ತರುವ ಶಕ್ತಿ ಆರೇಳು ವರ್ಷಕ್ಕೆ ಮೊದಲು ಬಹುತೇಕ ಮಕ್ಕಳಿಗೆ ಬರುವುದೇ ಇಲ್ಲ. ಮೂರು ವರ್ಷದ ಮಗು ಚೆಂಡು ತಪ್ಪಿಸಿಕೊಂಡರೆ ಅದು ಮಗುವಿನ ಸೋಲಲ್ಲ, ಅದಕ್ಕೆ ಅಭ್ಯಾಸ ಕಡಿಮೆಯಾಗಿದೆ ಎಂದೂ ಅಲ್ಲ. ಆ ಕೆಲಸಕ್ಕೆ ಬೇಕಾದ ನರಗಳ ಹೊಂದಾಣಿಕೆ ಇನ್ನೂ ಬೆಳೆದಿಲ್ಲ, ಅಷ್ಟೇ.

ಮೊದಲೇ ಕಲಿಸಿದರೆ ಬೆಳವಣಿಗೆ ಬೇಗ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಸುಮಾರು ನೂರು ವರ್ಷದ ಹಿಂದೆಯೇ ಕೇಳಿದ್ದರು. ಅಮೆರಿಕದ ಅರ್ನಾಲ್ಡ್ ಗೆಸೆಲ್ ಮತ್ತು ಹೆಲೆನ್ ಥಾಂಪ್ಸನ್ 1929ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದದ್ದು ಒಂದೇ ರೂಪದ ಅವಳಿ ಹೆಣ್ಣುಕೂಸುಗಳು. ಒಂದಕ್ಕೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವುದನ್ನು ದಿನವೂ ಅಭ್ಯಾಸ ಮಾಡಿಸಿದರು. ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು. 53ನೇ ವಾರದಲ್ಲಿ ಆ ಎರಡನೆಯ ಕೂಸಿಗೆ ಎರಡೇ ವಾರ ಅಭ್ಯಾಸ ಕೊಟ್ಟಾಗ ಅದು ಮೊದಲನೆಯದರ ಹತ್ತಿರಕ್ಕೆ ಬಂದು ನಿಂತಿತು. ಆರು ವಾರದ ದುಡಿಮೆಯ ಲಾಭ ಕೆಲವೇ ದಿನಗಳಲ್ಲಿ ಕರಗಿಹೋಯಿತು. ಮೈ ಸಿದ್ಧವಾದ ಮೇಲೆ ಎರಡು ವಾರ ಸಾಕಾದದ್ದಕ್ಕೆ ಸಿದ್ಧವಾಗುವ ಮುಂಚೆ ಆರು ವಾರ ಹಿಡಿಯಿತು.

ನಮ್ಮ ಪಟ್ಟಣಗಳ ಸ್ಕೇಟಿಂಗ್ ಮೋಹಕ್ಕೆ ಇನ್ನೂ ಹತ್ತಿರದ ಉದಾಹರಣೆಯಿದೆ. ಮರ್ಟಲ್ ಮೆಕ್‌ಗ್ರಾ ಎಂಬ ಸಂಶೋಧಕಿ 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನಿ, ಜಿಮ್ಮಿ ಎಂಬ ಅವಳಿಗಳ ಬೆಳವಣಿಗೆಯನ್ನು ಗಮನಿಸಿದರು. ಜಾನಿಗೆ ಎರಡು ವರ್ಷ ತುಂಬುವ ಮೊದಲೇ ಸ್ಕೇಟ್ ಕಟ್ಟಿ ಕಲಿಸಲಾಯಿತು. ಕೂಸು ಸ್ಕೇಟ್ ಮೇಲೆ ಜಾರಿದ್ದು ನಿಜ. ಆದರೆ ಮೈ ಬೆಳೆದು ಕಾಲು ಉದ್ದವಾಗಿ ತೂಕದ ಸಮತೋಲ ಬದಲಾದ ಮೇಲೆ ಆ ಕೌಶಲ ಉಳಿಯಲಿಲ್ಲ. ಅದೇ ಪ್ರಯೋಗದಲ್ಲಿ ಏರುವುದು, ಹತ್ತುವುದರಂಥ ಚಟುವಟಿಕೆಗಳಲ್ಲಿ ಜಾನಿಯ ಧೈರ್ಯ ಉಳಿಯಿತು ಎಂಬುದನ್ನೂ ಹೇಳಬೇಕು. ಮುಂಚೆ ಕಲಿಸಿದ್ದೆಲ್ಲ ವ್ಯರ್ಥವೆಂದು ನಾನು ವಾದಿಸುತ್ತಿಲ್ಲ. ಆದರೆ ಉಳಿದದ್ದು ಯಾವುದು? ಅಂಗಳದಲ್ಲಿ, ಕಟ್ಟೆಯ ಮೇಲೆ, ಮರದ ಕೊಂಬೆಯಲ್ಲಿ ಯಾವ ಮಗುವಾದರೂ ಪುಕ್ಕಟೆ ಕಲಿಯುವಂಥದು. ಅಳಿದದ್ದು ನಾವು ದುಡ್ಡು ಕೊಟ್ಟು ಕಲಿಸಲು ಹೊರಟಿರುವಂಥದು.

ಆಟವೆಂದರೆ ಮೈ ಮಾತ್ರವಲ್ಲ, ನಿಯಮವೂ ಹೌದು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ 1932ರ ತಮ್ಮ ಪುಸ್ತಕಕ್ಕಾಗಿ ಮಕ್ಕಳ ಗೋಲಿಯಾಟವನ್ನು ಕೂತು ನೋಡಿದರು. ನಾಲ್ಕೈದು ವರ್ಷದವರು ಜೊತೆಗೆ ಕೂತಿದ್ದರೂ ತಮ್ಮ ತಮ್ಮ ಆಟವನ್ನೇ ಆಡುತ್ತಾರೆ. ಯಾರು ಗೆದ್ದರೆಂದು ಕೇಳಿದರೆ ಎಲ್ಲರೂ ಗೆದ್ದೆವು ಎನ್ನುತ್ತಾರೆ. ಒಂದೇ ನಿಯಮಕ್ಕೆ ಎಲ್ಲರೂ ಬದ್ಧರಾಗಿ, ಸೋಲು-ಗೆಲುವಿನ ಲೆಕ್ಕ ಹಿಡಿದು ಆಡುವುದು ಏಳೆಂಟು ವರ್ಷದ ಹೊತ್ತಿಗೆ ಕುದುರುತ್ತದೆ. ನಮ್ಮ ಓಣಿಗಳಲ್ಲಿ ಗೋಟಿ ಆಡಿಸಿದವರಿಗೆಲ್ಲ ಇದು ಗೊತ್ತು. ಅದಕ್ಕೇ ದೊಡ್ಡ ಹುಡುಗರು ಸಣ್ಣವರನ್ನು ಆಟದೊಳಗೆ ಸೇರಿಸಿಕೊಂಡರೂ ಔಟ್ ಮಾಡುತ್ತಿರಲಿಲ್ಲ. ಓಣಿಯ ಹುಡುಗರು ತಾವಾಗಿ ಕಂಡುಕೊಂಡ ಈ ವಿವೇಕ ಶುಲ್ಕ ಪಡೆಯುವ ಕ್ಲಾಸುಗಳಲ್ಲಿ ಇಲ್ಲ. ಅಲ್ಲಿ ಮೂರೂವರೆ ವರ್ಷದ ಮಗುವಿಗೂ ಮೊದಲನೇ ಸ್ಥಾನ, ಎರಡನೇ ಸ್ಥಾನ ಇದೆ. ಪದಕ ಸಿಗದ ಮಗು ಅಳುತ್ತಾ ನಿಂತರೆ ಅದಕ್ಕೆ ಕ್ರೀಡಾ ಮನೋಭಾವದ ಉಪದೇಶವೂ ಇದೆ.

ಇನ್ನು ವ್ಯಾಯಾಮದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಓಡುವುದು, ಜಿಗಿಯುವುದರಂಥ ಚುರುಕಿನ ಆಟವಿರಬೇಕು. ಹಗಲು-ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಮೊಬೈಲು, ಟಿವಿ ಒಂದು ಗಂಟೆ ಮೀರಬಾರದು. 180 ನಿಮಿಷವೆಂದರೆ ವಾರಕ್ಕೆ 21 ಗಂಟೆ. ವಾರಕ್ಕೆ ಮೂರು ದಿನ ಒಂದೊಂದು ತಾಸಿನ ಕ್ಲಾಸು ಕೊಡುವುದು ಮೂರು ಗಂಟೆ. ಆ ಮೂರು ಗಂಟೆಯಲ್ಲೂ ಶೂ, ಹೆಲ್ಮೆಟ್, ಮೊಣಕಾಲಿನ ಪಟ್ಟಿ ಕಟ್ಟಿಕೊಳ್ಳಲು ಒಂದಿಷ್ಟು ಹೊತ್ತು, ಸಾಲಿನಲ್ಲಿ ನಿಂತು ತನ್ನ ಸರದಿ ಕಾಯಲು ಇನ್ನಷ್ಟು ಹೊತ್ತು ಹೋಗುತ್ತದೆ. ಉಳಿದ 18 ಗಂಟೆ ಎಲ್ಲಿಂದ ಬರಬೇಕು? "ಕ್ಲಾಸಿಗೆ ಹೋಗ್ತಾನಲ್ಲ" ಎಂಬ ಸಮಾಧಾನದಲ್ಲಿ ಈ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳುವುದೇ ಇಲ್ಲ.

ಬೇಗ ಶುರುಮಾಡಿದವರೇ ದೊಡ್ಡ ಆಟಗಾರರಾಗುತ್ತಾರೆ ಎಂಬ ಮಾತಿಗೆ ಬರೋಣ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ನೀರಜ್ ಚೋಪ್ರಾ ಈಟಿ ಹಿಡಿದದ್ದು ಹನ್ನೆರಡು-ಹದಿಮೂರು ವರ್ಷದ ಹೊತ್ತಿಗೆ, ಅದೂ ತೂಕ ಇಳಿಯಲಿ ಎಂದು ಮನೆಯವರು ಹೊರಗೆ ಕಳಿಸಿದ ಮೇಲೆ. ರಾಹುಲ್ ದ್ರಾವಿಡ್ ಬೆಂಗಳೂರಿನ ಬೇಸಿಗೆ ಶಿಬಿರದಲ್ಲಿ ಕ್ರಿಕೆಟ್ ತರಬೇತುದಾರ ಕೇಕಿ ತಾರಾಪೋರ್ ಅವರ ಕಣ್ಣಿಗೆ ಬಿದ್ದದ್ದು ಸುಮಾರು ಹನ್ನೆರಡರ ಹರೆಯದಲ್ಲಿ. ನಮಗೆ ಹತ್ತಿರದ ವಿಜಯಪುರದ ರಾಜೇಶ್ವರಿ ಗಾಯಕವಾಡ ಮೊದಲು ಅಥ್ಲೆಟಿಕ್ಸ್ ಅಂಗಳದಲ್ಲಿದ್ದು ಆಮೇಲೆ ಕ್ರಿಕೆಟ್‌ಗೆ ಬಂದವರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತವರು ಅವರೇ. ನಮ್ಮ ಸರ್ಕಾರಿ ವ್ಯವಸ್ಥೆಯೂ ಇದನ್ನು ಬಲ್ಲದು. ರಾಜ್ಯದ ಕ್ರೀಡಾ ನಿಲಯಗಳು ಮಕ್ಕಳನ್ನು ಆಯ್ದುಕೊಳ್ಳುವುದು ಐದನೇ ತರಗತಿಯಿಂದ. ಭಾರತೀಯ ಕ್ರೀಡಾ ಪ್ರಾಧಿಕಾರದ ಪ್ರತಿಭಾ ಶೋಧ ಯೋಜನೆಯ ವಯಸ್ಸು ಎಂಟರಿಂದ ಹದಿನಾಲ್ಕು. ಬಹಳ ಬೇಗ ಶುರುವಾಗುವ ಆಟವೆಂದು ಹೆಸರಾದ ಜಿಮ್ನಾಸ್ಟಿಕ್ಸ್ ಕೂಡ ಎಳೆಯರ ಮೈಮೇಲೆ ಬೀಳುವ ಭಾರ ನೋಡಿ ಹಿರಿಯ ಮಹಿಳೆಯರ ಅಂತರರಾಷ್ಟ್ರೀಯ ಸ್ಪರ್ಧೆಗೆ 1997ರಿಂದ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿದೆ.

ಬೇಗ ಹಚ್ಚಿದ್ದರ ಕೊನೆ ಏನೆಂದು ನೋಡಬೇಕಾದರೆ ಒಡಿಶಾಕ್ಕೆ ಹೋಗಬೇಕು. 2006ರ ಮೇ 2ರಂದು ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಹುಡುಗ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ. ಹಿಡಿದ ಹೊತ್ತು 7 ಗಂಟೆ 2 ನಿಮಿಷ. ದೇಶ ಚಪ್ಪಾಳೆ ತಟ್ಟಿತು. ಪತ್ರಿಕೆಗಳು ಅವನನ್ನು ಪವಾಡ ಬಾಲಕ ಎಂದವು. ಆ ಓಟದ ಕೊನೆಗೆ ಕೂಸು ದಣಿದು ಕುಸಿದಿತ್ತು. ವೈದ್ಯರು ಕಳವಳಪಟ್ಟರು, ಸರ್ಕಾರ ಅವನ ದೂರದೋಟಕ್ಕೆ ತಡೆ ಹಾಕಿತು. ಆಮೇಲೆ ಭುವನೇಶ್ವರದ ಕ್ರೀಡಾ ನಿಲಯದಲ್ಲಿ ಬೆಳೆದ ಆ ಹುಡುಗ ಒಲಿಂಪಿಕ್ ಮ್ಯಾರಥಾನ್ ಓಡಲಿಲ್ಲ. ಅದು ಅವನ ತಪ್ಪಲ್ಲ. ಕಡುಬಡತನದಲ್ಲಿದ್ದ ತಾಯಿಯ ತಪ್ಪೂ ಅಲ್ಲ. ರಸ್ತೆಯ ಎರಡೂ ಬದಿಗೆ ನಿಂತು ಕೂಗಿದ ದೊಡ್ಡವರೆಲ್ಲರ ತಪ್ಪು. ಇಂದು ಐದಾರು ವರ್ಷದ ಮಕ್ಕಳಿಗೆ ಗಂಟೆಗಟ್ಟಲೆ ಸ್ಕೇಟ್ ಮಾಡಿಸಿ ದಾಖಲೆ ಪುಸ್ತಕಕ್ಕೆ ಹೆಸರು ಬರೆಸಿ, ಹಾರ ಹಾಕಿ ಫೋಟೊ ತೆಗೆಸುವವರು ಅದೇ ರಸ್ತೆಯ ಬದಿಯಲ್ಲಿ ನಿಂತಿದ್ದಾರೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ, ದೊಡ್ಡವರಿಗಿಂತ ಬೇಗ ಕಾಯುವ ಮೈಯುಳ್ಳ ಕೂಸುಗಳ ಮೇಲೆ ಈ ಪ್ರಯೋಗ ನಡೆಯುವುದು ಅಪಾಯ.

ಶಿಸ್ತು ಬರುತ್ತದೆ ಎನ್ನುವವರಿದ್ದಾರೆ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಜನ, ಕಿವಿಗಡಚಿಕ್ಕುವ ಸೀಟಿ. ಅಲ್ಲಿ ಮೂರು ವರ್ಷದ ಮಗು ಅವ್ವನ ಸೀರೆ ಬಿಡದೆ ಅತ್ತರೆ ಅದು ಅಶಿಸ್ತಲ್ಲ. ತನಗೆ ಭದ್ರವೆನಿಸಿದ ಮಡಿಲನ್ನು ಹುಡುಕುವುದು ಆ ವಯಸ್ಸಿನ ಧರ್ಮ. "ನೀವು ಹೊರಗ ಹೋಗ್ರಿ, ಎರಡು ದಿನ ಅತ್ತು ಸುಮ್ಮನಾಗ್ತಾನ" ಎಂಬ ಭರವಸೆಯನ್ನು ನಂಬಿ ಎಷ್ಟೋ ತಾಯಂದಿರು ಬಾಗಿಲ ಹೊರಗೆ ನಿಂತು ತಾವೂ ಅಳುತ್ತಾರೆ. ಸುಮ್ಮನಾದ ಮಗು ಕಲಿತದ್ದು ಶಿಸ್ತೋ, ಅತ್ತರೂ ಯಾರೂ ಬರುವುದಿಲ್ಲ ಎಂಬ ಪಾಠವೋ? ಆಟದ ಬಗ್ಗೆ ಮೊದಲ ನೆನಪೇ ಅಂಜಿಕೆಯಾದರೆ, ಹತ್ತು ವರ್ಷದವನಾದ ಮೇಲೆ ಮೈದಾನಕ್ಕೆ ಹೋಗಲು ಒಲ್ಲೆನೆಂದರೆ ಅಚ್ಚರಿಪಡಬಾರದು. ನಾರ್ವೆ ದೇಶದ ಕ್ರೀಡಾ ಒಕ್ಕೂಟ 1987ರಲ್ಲೇ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಮಾಡಿಕೊಂಡಿದೆ. ಮಗುವಿಗೆ 11 ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ಅಂಕಪಟ್ಟಿ, ಶ್ರೇಯಾಂಕ ಯಾವುದನ್ನೂ ಅಲ್ಲಿ ಪ್ರಕಟಿಸುವುದಿಲ್ಲ. ಅಷ್ಟು ಕಾಯುವ ಆ ದೇಶ ಚಳಿಗಾಲದ ಒಲಿಂಪಿಕ್ಸ್ ಪದಕಪಟ್ಟಿಯಲ್ಲಿ ಜಗತ್ತಿಗೇ ಮುಂದಿದೆ.

ನಮ್ಮ ಸೀಮೆಯಲ್ಲಿ ಮಾತ್ರ ಕೇಳಿಬರುವ ಇನ್ನೊಂದು ವಾದವಿದೆ, ನನಗೆ ಅತಿ ಹೆಚ್ಚು ನೋವು ಕೊಡುವುದು ಅದೇ. "ನಾವು ಹಿಂದುಳಿದ ಜಿಲ್ಲೆಯವರು, ನಮ್ಮ ಮಕ್ಕಳು ಬೆಂಗಳೂರು ಮಕ್ಕಳಿಗಿಂತ ಮೊದಲೇ ಓಡಬೇಕು." ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆಯಾದ ಕೊಪ್ಪಳ, ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಬರುವ ಕಲ್ಯಾಣ ಕರ್ನಾಟಕದ ಭಾಗ. ಹಿಂದುಳಿದಿದ್ದೇವೆ ಎಂಬುದು ಸುಳ್ಳಲ್ಲ. ಆದರೆ ಹಿಂದುಳಿದದ್ದು ಯಾವುದರಲ್ಲಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳ ಕೂಸುಗಳು ಕಟ್ಟಡದ ಮರಳಿನ ಗುಡ್ಡೆಯ ಪಕ್ಕದಲ್ಲಿ ಬೆಳೆಯುತ್ತವೆ. ಹೊಟ್ಟೆಗೆ ತತ್ತಿ, ಹಾಲು, ಬೇಳೆ, ಸೊಪ್ಪು, ನಿದ್ದೆಗೆ ನೆರಳು, ಆಟಕ್ಕೆ ಚೊಕ್ಕ ನೆಲ, ಇವು ನಾವು ಹಿಂದೆ ಬಿದ್ದಿರುವ ಸಂಗತಿಗಳು. ಮೂರು ವರ್ಷದ ಮಗುವಿಗೆ ಹಳದಿ ಬೆಲ್ಟ್ ಕಟ್ಟಿದರೆ ಇವುಗಳಲ್ಲಿ ಒಂದೂ ತುಂಬಿ ಬರುವುದಿಲ್ಲ.

ಕ್ಲಾಸಿನ ಪರವಾಗಿರುವ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. "ಮನ್ಯಾಗ ಕುಂತ್ರ ಮೊಬೈಲ್ ಬಿಡಂಗಿಲ್ರಿ, ಹೊರಗ ಬಿಟ್ರ ಗಾಡಿ ಅಂಜಿಕಿ, ನಾಯಿ ಅಂಜಿಕಿ. ಎಲ್ಲಿ ಆಡಿಸೋಣು?" ಎಂದು ಕೇಳುವ ತಾಯಿ ಸುಳ್ಳು ಹೇಳುತ್ತಿಲ್ಲ. ಮನೆಮುಂದಿನ ಅಂಗಳ ಕಾಂಕ್ರೀಟಾಯಿತು, ಓಣಿ ಬೈಕುಗಳ ದಾರಿಯಾಯಿತು, ಊರ ಮುಂದಿನ ಬಯಲು ನಿವೇಶನವಾಯಿತು. ಅವಳು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಆಟದ ತರಬೇತಿಯನ್ನಲ್ಲ, ಗೋಡೆಯಿರುವ ಒಂದು ತಾಸಿನ ಜಾಗವನ್ನು. ಹಾಗಿದ್ದರೆ ಅವಳ ಬೇಡಿಕೆಯನ್ನು ನಾವು ಸರಿಯಾದ ಬಾಗಿಲಿಗೆ ಒಯ್ಯಬೇಕು.

ಅದಕ್ಕೂ ಮುನ್ನ ಒಂದು ನೆನಪು. ಹಿಂದೆ ಇದೇ ಜಿಲ್ಲೆಯಲ್ಲಿ ಎಳೆಯರ ಮೈಗೆ, ಕೈಗೆ, ಮನಸ್ಸಿಗೆ ಬೇಕಾದದ್ದೆಲ್ಲ ವರ್ಷದ ಸುತ್ತಿನಲ್ಲೇ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣು ಕಲಸಿ ಎತ್ತು ಮಾಡುವಾಗ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡುವಾಗ ಬೆರಳುಗಳು ಬಲಿಯುತ್ತಿದ್ದವು. ನಾಗರಪಂಚಮಿಯ ಜೋಕಾಲಿ ಸಮತೋಲ ಕಲಿಸುತ್ತಿತ್ತು. ಜೋಳದ ದಂಟಿನ ಬಂಡಿ ಎಳೆದು, ಹಳೆ ಟೈರು ಉರುಳಿಸಿ, ಕುಂಟಾಟ ಆಡಿ ಕಾಲು ಗಟ್ಟಿಯಾಗುತ್ತಿತ್ತು. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಮಾಡಿ ಬಣ್ಣ ಹಚ್ಚುವ ಜಿಲ್ಲೆ ಇದು. ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಬಾವಿಗೆ ಬಿದ್ದ, ಕಾಲುವೆಯಲ್ಲಿ ಕೊಚ್ಚಿಹೋದ ಮಕ್ಕಳ ನೆನಪೂ ಇಲ್ಲಿನ ಮನೆಗಳಲ್ಲಿದೆ. ಅದಕ್ಕಾಗಿ ಈಜೊಂದನ್ನು ನಾನು ಹೊರತಾಗಿಸುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ನಡುವೆ ಬದುಕುವ ಗಂಗಾವತಿ ಸೀಮೆಯ ಮಕ್ಕಳಿಗೆ, ನಾಲ್ಕು ವರ್ಷದ ಹೊತ್ತಿಗೆ, ಭದ್ರ ಕೊಳದಲ್ಲಿ, ದೊಡ್ಡವರ ಕೈಯಳತೆಯಲ್ಲಿ ನೀರಿನ ಪರಿಚಯ ಮಾಡಿಸುವುದು ಜೀವ ಉಳಿಸುವ ವಿದ್ಯೆ. ಅದು ಪದಕಕ್ಕಾಗಿ ಅಲ್ಲ.

ಇಷ್ಟು ಹೇಳಿದ ಮೇಲೂ ಕ್ಲಾಸಿಗೆ ಕಳಿಸಲೇಬೇಕಾದ ಮನೆಗಳಿರುತ್ತವೆ. ಅವರಿಗೆ ಒಂದೇ ಮಾತು. ತಾಯಿಯೋ ತಂದೆಯೋ ಒಳಗೇ ಇರಲು ಬಿಡುವ, ಸಾಲಿನಲ್ಲಿ ನಿಲ್ಲಿಸದ, ಹೋಲಿಕೆ ಮಾಡದ, ಮಗು ಸಾಕೆಂದಾಗ ಬಿಟ್ಟು ಕಳಿಸುವ ಜಾಗವನ್ನೇ ಆಯ್ದುಕೊಳ್ಳಿ. ಪರೀಕ್ಷೆ, ಬೆಲ್ಟ್, ಸ್ಪರ್ಧೆಯ ಪ್ರವೇಶ ಶುಲ್ಕ ಎಂದು ಕೇಳಿದ ದಿನವೇ ಬಿಡಿಸಿ.

ಈಗ ಸರಿಯಾದ ಬಾಗಿಲಿಗೆ ಹೋಗೋಣ. ಆಟ ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಆರರ ಮಕ್ಕಳ ಕಲಿಕೆ ಆಟದಿಂದಲೇ ಆಗಬೇಕು ಎಂದಿದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಯಲು ಕರ್ನಾಟಕದಲ್ಲಿ 1985ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ನಮ್ಮ ಊರೂರಿನಲ್ಲಿವೆ. ದುಡಿಯುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ 2023ರಲ್ಲಿ ಸಾರಿದೆ. ಕಾನೂನು ಇದೆ, ಯೋಜನೆ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ಕೇಳುವವರು ಇಲ್ಲ, ಏಕೆಂದರೆ ಕೇಳಬಲ್ಲವರೆಲ್ಲ ಕ್ಲಾಸಿನ ಶುಲ್ಕ ಕಟ್ಟಿ ಬಂದಿದ್ದಾರೆ.

ಕೊಪ್ಪಳ, ಗಂಗಾವತಿ ನಗರಸಭೆಗಳೇ, ಕುಷ್ಟಗಿ ಪುರಸಭೆಯೇ, ಯಲಬುರ್ಗಾ ಪಟ್ಟಣ ಪಂಚಾಯಿತಿಯೇ: ಪ್ರತಿ ವಾರ್ಡಿನಲ್ಲಿ ಆರು ವರ್ಷದೊಳಗಿನವರಿಗೆಂದೇ ಬೇಲಿ ಹಾಕಿದ, ಎರಡು ಬೇವಿನ ಮರದ ನೆರಳಿರುವ, ಮರಳು, ನೀರು, ಜೋಕಾಲಿ, ಕೂರಲು ಕಟ್ಟೆ ಇರುವ ಒಂದು ಜಾಗ ಕೊಡಿ. ಪ್ರತಿ ಅಂಗನವಾಡಿಗೂ ಅಂಗಳ ಕೊಡಿ. ಅಲ್ಲಿನ ಕಾರ್ಯಕರ್ತೆಯ ಮೇಲೆ ಬೇರೆ ಇಲಾಖೆಗಳ ಸಮೀಕ್ಷೆ ಹೇರುವುದನ್ನು ನಿಲ್ಲಿಸಿ, ಮಕ್ಕಳ ಜೊತೆ ಹೊರಗಿರಲು ಅವಳಿಗೆ ಹೊತ್ತು ಕೊಡಿ. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಬರೆದ ಜಾಗ ಉದ್ಯಾನವಾಗಿಯೇ ಉಳಿಯಲಿ.

ತಂದೆ-ತಾಯಂದಿರೇ, ಮುಂದಿನ ವಾರ್ಡ್ ಸಭೆಗೆ, ಗ್ರಾಮಸಭೆಗೆ ಹೋಗಿ ಈ ಜಾಗವನ್ನು ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಕ್ಲಾಸಿನ ಶುಲ್ಕ ಕಟ್ಟಲಾಗದ ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ದಿನಕ್ಕೆ ಒಂದು ತಾಸು ಮೊಬೈಲು ಕೆಳಗಿಟ್ಟು ನಿಮ್ಮ ಕೂಸಿನ ಜೊತೆ ನೀವೇ ಹೊರಗೆ ಬನ್ನಿ. ತರಬೇತಿಗೆ ಅದರ ಮುಂದೆ ಹತ್ತಾರು ವರ್ಷಗಳಿವೆ. ಆಟಕ್ಕೆ ಇರುವ ವಯಸ್ಸು ಇದೇ.